ಮನಿಲಾದ ಆಫರ್ ಬಗ್ಗೆ, ಹೆಸರು ಮಾಡುವುದರ ಬಗ್ಗೆ

ನಿಮ್ಮ ಮೇಲ್ ಓದಿದೆ. ಮನಿಲಾದ ಒಂದು ಅನಿಮೇಷನ್ ಸ್ಟುಡಿಯೊದಲ್ಲಿ ಬ್ಯಾಕ್‌ಗ್ರೌಂಡ್ ಆರ್ಟಿಸ್ಟ್ ಕೆಲಸ, ಅಂದರೆ ಪಾತ್ರಗಳ ಹಿಂದಿನ ದೃಶ್ಯ ಬರೆಯುವ ಕೆಲಸ, ಸಿಕ್ಕಿದೆ, ಬರಬೇಕೋ ಬೇಡವೋ ಅಂತ ಕೇಳಿದ್ದೀರಿ. ಇನ್‌ಸ್ಟಾಗ್ರಾಮ್‌ನಲ್ಲಿ ಕಾಣುವ ಫಿಲಿಪಿನೊ ಡಿಜಿಟಲ್ ಕಲಾವಿದರ ಹಾಗೆ ನಾನೂ ಹೆಸರು ಮಾಡಬಹುದಾ ಅನ್ನುವುದು ಇನ್ನೊಂದು ಪ್ರಶ್ನೆ. ಧಾರಾಳವಾಗಿ ಬನ್ನಿ. ಆದರೆ ಸ್ಟುಡಿಯೊ ಕೆಲಸದಿಂದಲೇ ಹೆಸರು ಬರುತ್ತದೆ ಅಂದುಕೊಂಡು ಬರಬೇಡಿ. ಅದರಿಂದ ಕೈ ಪಳಗುತ್ತದೆ, ಬಾಡಿಗೆಗೆ ಆಗುತ್ತದೆ. ಅಷ್ಟೇ.

ಹೊರದೇಶದವರಿಗೆ ಚಿತ್ರ ಬರೆದುಕೊಡುವುದು ಇಲ್ಲಿಯವರಿಗೆ ಹಳೇ ಕಸುಬು. 1970ರ ದಶಕದ ಶುರುವಿನಲ್ಲಿ ಟೋನಿ ಡಿಜುನಿಗಾ ಅನ್ನುವ ಕಲಾವಿದ ಅಮೆರಿಕದ ಡಿಸಿ ಕಾಮಿಕ್ಸ್‌ನವರಿಗೆ ತನ್ನ ದೇಶದ ಚಿತ್ರಗಾರರನ್ನು ಪರಿಚಯಿಸಿದ. ಆಗ ನೆಸ್ಟರ್ ರೆಡೊಂಡೊ, ಆಲ್ಫ್ರೆಡೊ ಅಲ್ಕಾಲಾ, ಅಲೆಕ್ಸ್ ನಿನ್ಯೊ ಅಂಥವರಿಗೆ ಅಲ್ಲಿನ ಬಾಗಿಲು ತೆರೆಯಿತು. 80ರ ದಶಕದಲ್ಲಿ ಅನಿಮೇಷನ್ ಬಂತು. ಜಪಾನಿನ ತೋಯಿ ಕಂಪನಿಗೆ ಆಗಿನಿಂದಲೂ ಇಲ್ಲೊಂದು ಸ್ಟುಡಿಯೊ ಇದೆ. ನಾವು ಊರಲ್ಲಿ ಟಿವಿ ಮುಂದೆ ಕೂತು ನೋಡಿದ ಎಷ್ಟೋ ಕಾರ್ಟೂನುಗಳ ಫ್ರೇಮುಗಳನ್ನು ಬಿಡಿಸಿದವರು ಮನಿಲಾದವರು. ಅವರ ಹೆಸರು ಯಾರಿಗೆ ಗೊತ್ತು? ಕೊನೆಯಲ್ಲಿ ಓಡುವ ಸಣ್ಣಕ್ಷರದ ಪಟ್ಟಿಯಲ್ಲಿ ಇದ್ದರೆ ಪುಣ್ಯ.

ಈಗ ಬಡ್ಜೆಟ್ ಟಾನ್ ಮತ್ತು ಕಾಜೊ ಬಾಲ್ಡಿಸಿಮೊ ಅವರನ್ನು ನೋಡಿ. ಇಬ್ಬರೂ ಇಲ್ಲಿ ಜಾಹೀರಾತು ಕೆಲಸದಲ್ಲಿದ್ದವರು. 2005ರ ಹೊತ್ತಿಗೆ ಕೆಲಸದ ಬಿಡುವಿನಲ್ಲೇ 'ಟ್ರೆಸೆ' ಅನ್ನುವ ಕಾಮಿಕ್ಸ್ ಶುರು ಮಾಡಿದರು. ಟಾನ್ ಬರೆಯುವುದು, ಕಾಜೊ ಚಿತ್ರ ಬಿಡಿಸುವುದು. ಮೊದಲ ಸಂಚಿಕೆಗಳು ಸುಮ್ನೆ ಜೆರಾಕ್ಸ್ ಪ್ರತಿಗಳು. ಅದರ ಮೊದಲ ಕಥೆ ನಡೆಯುವುದು ಕೆಸೋನ್ ಸಿಟಿಯ ಬಲೆತೆ ಡ್ರೈವ್‌ನಲ್ಲಿ. ಬಿಳಿ ಬಟ್ಟೆಯ ಹೆಂಗಸಿನ ದೆವ್ವ ಕಾಣಿಸುತ್ತದೆ ಅಂತ ಇಲ್ಲಿನ ಮಕ್ಕಳಿಗೂ ಗೊತ್ತಿರುವ ರಸ್ತೆ ಅದು. 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಅದರ ಅನಿಮೇಷನ್ ಸರಣಿ ಬಂತು. ಟಾನ್ ಅಷ್ಟರಲ್ಲಿ ಆಟಿಕೆ ಮಾಡುವ ಲೆಗೊ ಕಂಪನಿ ಸೇರಿ ಡೆನ್ಮಾರ್ಕಿಗೆ ಹೋಗಿದ್ದರು. ಅವರೂ ನಮ್ಮ ಹಾಗೆ ಊರು ಬಿಟ್ಟವರೇ, ನೋಡಿ.

ಇದು ದೊಡ್ಡವರ ಮಾತಾಯಿತು. ನನ್ನ ಟೀಮಿನಲ್ಲೇ ಒಬ್ಬಳು ಹುಡುಗಿ ಇದ್ದಾಳೆ. ಹಗಲೆಲ್ಲ ಕ್ಲೀನಪ್ ಕೆಲಸ, ಅಂದರೆ ಬೇರೆಯವರ ಒರಟು ಗೆರೆಯ ಮೇಲೆ ನೀಟಾದ ಗೆರೆ ಎಳೆಯುವುದು. ರಾತ್ರಿ ಮನೆಯಲ್ಲಿ ಟ್ಯಾಬ್ಲೆಟ್ ಹಿಡಿದು ತನ್ನದೇ ಕಾಮಿಕ್ಸ್. ಇಲೊಇಲೊ ಅನ್ನುವ ಊರಲ್ಲಿ ಅವಳ ಅಜ್ಜಿಗೆ ಒಂದು ಸಾರಿ-ಸಾರಿ ಅಂಗಡಿ ಇದೆ. ಮನೆಯ ಕಿಟಕಿಯಿಂದಲೇ ಶಾಂಪೂ ಸ್ಯಾಷೆ, ಬಿಡಿ ಸಿಗರೇಟು ಮಾರುವ ಅಂಗಡಿ. ಅವಳ ಕಥೆಯಲ್ಲಿ ಕತ್ತಲಾದ ಮೇಲೆ ಅಲ್ಲಿಗೆ ಬರುವ ಗಿರಾಕಿಗಳು ಮನುಷ್ಯರಲ್ಲ. ಅಜ್ಜಿ ಮಾತ್ರ ಅವರಿಗೂ ಸಾಲ ಬರೆದಿಟ್ಟುಕೊಳ್ಳುತ್ತಾಳೆ!

ಇಲ್ಲಿ ಕೋಮಿಕೋನ್ ಅಂತ ಕಾಮಿಕ್ಸ್ ಸಂತೆ ನಡೆಯುತ್ತದೆ. ಮೊದಲ ಸಲ ಅವಳು ಇನ್ನೊಬ್ಬರ ಜೊತೆ ಹಂಚಿಕೊಂಡು ಅರ್ಧ ಟೇಬಲ್ ತೆಗೆದುಕೊಂಡಳು. ಹಾರ್ಡ್‌ವೇರ್ ಅಂಗಡಿಯ ತಂತಿ ಜಾಲರಿ ನಿಲ್ಲಿಸಿ, ಪ್ಲಾಸ್ಟಿಕ್ ಕವರ್ ಹಾಕಿದ ಪ್ರಿಂಟುಗಳನ್ನು ಕ್ಲಿಪ್‌ನಿಂದ ಸಿಕ್ಕಿಸಿದ್ದಳು. ಮುಂದೆ ಸ್ಟಿಕ್ಕರ್ ಹಾಳೆಗಳು, ಪಕ್ಕದಲ್ಲಿ ಫೋನಿನಿಂದ ದುಡ್ಡು ಕೊಡುವ ಜಿಕ್ಯಾಶ್ ಆ್ಯಪ್‌ನ ಕ್ಯೂಆರ್. ಮಾರಾಟವಾಗಿದ್ದೆಲ್ಲ ಜಪಾನಿ ಪಾತ್ರಗಳ ಫ್ಯಾನ್ ಆರ್ಟ್. ಅಜ್ಜಿಯ ಪುಸ್ತಕವನ್ನು ಜನ ಎತ್ತಿ ನೋಡಿ ಇಟ್ಟು ಹೋಗುತ್ತಿದ್ದರು. ಆದರೂ ಮುಂದಿನ ಸಂತೆಗೆ ಎರಡನೇ ಭಾಗ ಮಾಡಿಕೊಂಡು ಬಂದಳು, ಆಮೇಲೆ ಮೂರನೆಯದು. ಕಳೆದ ಸಲ ನಾನೂ ಟೇಬಲ್ ಹಿಂದೆ ಕೂತಿದ್ದೆ. ಒಬ್ಬ ಕಾಲೇಜು ಹುಡುಗ ಬಂದು, ಪ್ರಿಂಟುಗಳ ಕಡೆ ಕಣ್ಣೂ ಹಾಯಿಸದೆ, "ಅಜ್ಜಿಯದು ಮುಂದಿನ ಭಾಗ ಬಂತಾ?" ಅಂತ ಕೇಳಿದ. ಈಗ ಒಂದು ಸಣ್ಣ ಪ್ರಕಾಶನದವರು ಮೂರನ್ನೂ ಸೇರಿಸಿ ಪುಸ್ತಕ ಮಾಡುತ್ತಿದ್ದಾರೆ. ಸೋಮವಾರ ಬೆಳಿಗ್ಗೆ ಅವಳದು ಮತ್ತೆ ಅದೇ ಕ್ಲೀನಪ್.

ನೀವು ಕಳಿಸಿದ ಪೋರ್ಟ್‌ಫೋಲಿಯೊದಲ್ಲಿ ಡ್ರ್ಯಾಗನ್, ಕೋಟೆ, ರೋಬೋ ಎಲ್ಲ ಚೆನ್ನಾಗಿವೆ. ಬಣ್ಣದ ಹಿಡಿತವಂತೂ ನಮ್ಮ ಟೀಮಿನ ಕೆಲವರಿಗಿಂತ ಜಾಸ್ತಿಯೇ ಇದೆ. ಆದರೆ ಅವನ್ನು ಯಾವ ದೇಶದವರು ಬೇಕಾದರೂ ಬರೆಯಬಹುದು, ಅಲ್ವಾ? ಕೊನೆಯಲ್ಲಿ ಒಂದು ಸ್ಕೆಚ್ ಇದೆ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ ಮನೆ, ಹೊರಗೆ ಕಾಯುತ್ತ ನಿಂತಿರುವ ದೆವ್ವ. ಇಲ್ಲಿಯ ಹುಡುಗರಿಗೆ ತೋರಿಸಿದೆ. ಅದರ ಕಥೆ ಹೇಳು ಅಂತ ಊಟದ ಹೊತ್ತೆಲ್ಲ ಬಿಡಲಿಲ್ಲ. ಡ್ರ್ಯಾಗನ್ ಬಗ್ಗೆ ಒಬ್ಬರೂ ಕೇಳಲಿಲ್ಲ.

ಅದಕ್ಕೇ ಸಹಿ ಹಾಕುವ ಮುಂಚೆ ಕರಾರಿನಲ್ಲಿ ಒಂದು ವಿಷಯ ಹುಡುಕಿ: ಆಫೀಸ್ ಸಮಯದ ಆಚೆ, ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಯಾರದು? ಅದೂ ಕಂಪನಿಯದೇ ಅಂತ ಬರೆದಿದ್ದರೆ ತೆಗೆಸಿ. ತೆಗೆಯುವುದಿಲ್ಲ ಅಂದರೆ ನಾನಾಗಿದ್ದರೆ ಬರುವುದಿಲ್ಲ. ವೀಸಾ ವಿಷಯವೂ ಅಷ್ಟೇ. ಟೂರಿಸ್ಟ್ ಆಗಿ ಬಂದು ಕೆಲಸ ಶುರು ಮಾಡಿ, ಕಾಗದಪತ್ರ ಆಮೇಲೆ ನೋಡೋಣ ಅಂದರೆ ಒಪ್ಪಬೇಡಿ. 9(ಜಿ) ಅನ್ನುವ ಕೆಲಸದ ವೀಸಾ, ಕಾರ್ಮಿಕ ಇಲಾಖೆಯ ಪರ್ಮಿಟ್ ಎರಡೂ ಬೇಕು. ಇವು ನಿಮ್ಮನ್ನು ಕರೆಸಿದ ಕಂಪನಿಯ ಕೆಲಸಕ್ಕೆ ಮಾತ್ರ. ಹೊರಗಿನವರಿಗೆ ದುಡ್ಡಿಗೆ ಚಿತ್ರ ಬರೆದುಕೊಡುವ ಯೋಚನೆ ಇದ್ದರೆ ವಕೀಲರನ್ನು ಮೊದಲೇ ಕೇಳಿ.

ಮನೆ ಸ್ಟುಡಿಯೊಗೆ ನಡೆದು ಹೋಗುವಷ್ಟು ಹತ್ತಿರ ಹಿಡಿಯಿರಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸರಿ. ಎಡ್ಸಾ ರಸ್ತೆಯ ಟ್ರಾಫಿಕ್ ನೋಡಿದರೆ ಸಿಲ್ಕ್ ಬೋರ್ಡ್ ನೆನೆದು ಕಣ್ಣೀರು ಬರುತ್ತದೆ. ಮಳೆಗಾಲದಲ್ಲಿ ಟೈಫೂನ್ ಬಂದರೆ ಕರೆಂಟ್ ಹೋಗುತ್ತದೆ, ರಸ್ತೆಯಲ್ಲಿ ನೀರು ನಿಲ್ಲುತ್ತದೆ. ನೆಲಮಹಡಿ ಬೇಡ, ಯುಪಿಎಸ್ ಬೇಕೇ ಬೇಕು. ಸಸ್ಯಾಹಾರಿ ಅಂದಿದ್ದೀರಿ. ಇದೊಂದು ಕಷ್ಟ. ತರಕಾರಿ ಅಂತ ಕೊಡುವ ಪಿನಕ್‌ಬೆಟ್ ಪಲ್ಯದಲ್ಲೂ ಬಾಗೊಓಂಗ್ ಅನ್ನುವ, ಸೀಗಡಿ ಹುದುಗಿಸಿದ ಪೇಸ್ಟ್ ಇರುತ್ತದೆ. ಅಡುಗೆ ಕಲಿತುಕೊಂಡು ಬನ್ನಿ. ಆಫೀಸಿನಲ್ಲಿ ನಿಮಗಿಂತ ದೊಡ್ಡವರನ್ನು ಕುಯಾ, ಆತೆ ಅಂತಲೇ ಕರೆಯಿರಿ, ನಮ್ಮಲ್ಲಿ ಅಣ್ಣ, ಅಕ್ಕ ಅಂದ ಹಾಗೆ.

ಹುಣಸೆಹಣ್ಣು ಹೊತ್ತು ತರಬೇಡಿ, ಇಲ್ಲಿ ಸಿಗುತ್ತದೆ. ಆ ಜಾಗದಲ್ಲಿ ಸಾರಿನ ಪುಡಿ ಇನ್ನೊಂದು ಪ್ಯಾಕೆಟ್ ತುಂಬಿ, ನನಗೂ ಒಂದು. ಕರಾರು ಕಳಿಸಿದರೆ ಶನಿವಾರ ಕೂತು ಓದುತ್ತೇನೆ.