ಓದುಗರ ಪ್ರಶ್ನೆ: ಅಪ್ಪ ಆಡಿದ ಬೇಸ್‌ಬಾಲ್, ಮಗ ಆಡುವ ಬೇಸ್‌ಬಾಲ್

ಪ್ರಶ್ನೆ: ಕಾಲೇಜಿನಲ್ಲಿ ನಾನು ಬೇಸ್‌ಬಾಲ್ ತಂಡದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಆಗಿದ್ದೆ. ದಿನವಿಡೀ ಎಸೆದರೂ ಕೈ ನೋಯುತ್ತಿರಲಿಲ್ಲ. ಈಗ 11 ವರ್ಷದ ಮಗನೂ ಪಿಚರ್. ಪಂದ್ಯದ ಮರುದಿನ ಮೊಣಕೈ ಒಳಬದಿ ನೋಯುತ್ತದೆ ಅನ್ನುತ್ತಾನೆ. ರೂಢಿಯಾದರೆ ಹೋಗುತ್ತದೆಯೇ?
– ಒಬ್ಬ ತಂದೆ, ಬಳ್ಳಾರಿ

ಉತ್ತರ: ಹೋಗುವುದಿಲ್ಲ, ಎಸೆದಷ್ಟೂ ಹೆಚ್ಚುತ್ತದೆ. ನೀವು ಕಾಲೇಜು ಸೇರುವ ಹೊತ್ತಿಗೆ ನಿಮ್ಮ ಎಲುಬು ಬಲಿತಿತ್ತು. 11ರ ಹುಡುಗನ ಮೊಣಕೈಯಲ್ಲಿ ಎಲುಬು ಬೆಳೆಯುವ ಜಾಗ ಇನ್ನೂ ಮೆತ್ತಗಿರುತ್ತದೆ. ಜೋರಾಗಿ ಎಸೆದಾಗಲೆಲ್ಲ ಅಲ್ಲಿಗೆ ಅಂಟಿದ ಸ್ನಾಯು ಆ ಜಾಗವನ್ನೇ ಎಳೆಯುತ್ತದೆ. ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ ಹೆಸರಿನಲ್ಲಿ ವೈದ್ಯರು ಇದನ್ನು ಲಿಟಲ್ ಲೀಗ್ ಎಲ್ಬೋ ಅನ್ನುತ್ತಾರೆ. ಇವತ್ತೇ ಎಸೆತ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಅದೇ ಆಗಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಚೆಂಡು ಎಸೆಯುವಂತಿಲ್ಲ. ಮುಲಾಮು ಹಚ್ಚಿ, ಮಾತ್ರೆ ನುಂಗಿಸಿ ಮೈದಾನಕ್ಕೆ ಇಳಿಸಲೇಬೇಡಿ. ನೋವು ತಿಳಿಯದೆ ಹುಡುಗ ಇನ್ನಷ್ಟು ಎಸೆದುಬಿಡುತ್ತಾನೆ.

ಗುಣವಾದ ಮೇಲೆ ಮೊದಲು ಟೇಪು ಹಿಡಿದು ಮೈದಾನ ಅಳೆಯಿರಿ. ದೊಡ್ಡವರ ಆಟದಲ್ಲಿ ಪಿಚರ್ ಕಾಲಿಡುವ ಹಲಗೆಯ ಮುಂಭಾಗದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿನ ಹಿಂದಿನ ಮೊನೆಗೆ 18.44 ಮೀಟರ್. 12ರೊಳಗಿನ ಮಕ್ಕಳಿಗೆ ಲಿಟಲ್ ಲೀಗ್ ಇಟ್ಟಿರುವ ದೂರ ಸುಮಾರು 14 ಮೀಟರ್, ಓಡುವಾಗ ಮುಟ್ಟಬೇಕಾದ ಒಂದು ಬೇಸ್‌ನಿಂದ ಇನ್ನೊಂದು ಬೇಸ್‌ಗೆ 18.3 ಮೀಟರ್. ಕ್ರಿಕೆಟ್ ಪಿಚ್ಚನ್ನೇ ಅಳತೆಯಾಗಿ ಇಟ್ಟುಕೊಂಡರೆ ಸ್ಟಂಪಿನಿಂದ ಸ್ಟಂಪಿಗೆ 20.12 ಮೀಟರ್ ಆಗುತ್ತದೆ. ಅಷ್ಟು ದೂರ ಮುಟ್ಟಿಸಲು ಮಗು ಮೈ ಬಿಟ್ಟು ಬರೀ ಕೈಯಿಂದ ಎಸೆಯುತ್ತದೆ, ಪೆಟ್ಟು ಮೊಣಕೈಗೆ ಬೀಳುತ್ತದೆ.

ಇನ್ನು ಲೆಕ್ಕ. ಲಿಟಲ್ ಲೀಗ್ ನಿಯಮದಂತೆ 11–12ರ ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ 85 ಪಿಚ್ (ಬ್ಯಾಟರ್‌ಗೆ ಎಸೆತ), 9–10ಕ್ಕೆ 75. 20ರವರೆಗೆ ಎಸೆದರೆ ಬಿಡುವು ಬೇಕಿಲ್ಲ. 21ರಿಂದ 35ಕ್ಕೆ ಒಂದು ದಿನ, 50ರವರೆಗೆ ಎರಡು, 65ರವರೆಗೆ ಮೂರು, ಅದಕ್ಕೂ ಮೇಲಾದರೆ ನಾಲ್ಕು ದಿನ ಪಿಚಿಂಗ್ ಬಂದ್. 41 ಅಥವಾ ಅದಕ್ಕಿಂತ ಹೆಚ್ಚು ಪಿಚ್ ಎಸೆದ ಹುಡುಗ ಆ ದಿನ ಹೋಮ್ ಪ್ಲೇಟಿನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಆಗಬಾರದು, ಏಕೆಂದರೆ ಕ್ಯಾಚರ್ ಕೂಡ ಪ್ರತಿ ಚೆಂಡನ್ನೂ ವಾಪಸ್ ಎಸೆಯುತ್ತಲೇ ಇರುತ್ತಾನೆ. ಸಂಜೆ ಮನೆ ಮುಂದೆ ನಿಮ್ಮೊಂದಿಗೆ ಎಸೆದದ್ದನ್ನೂ ಲೆಕ್ಕ ಇಡಿ. ತಂದೆ ಹಳೆಯ ಪಿಚರ್ ಆಗಿರುವ ಮನೆಗಳಲ್ಲಿ ಅಲ್ಲಿಯೂ ಕೈ ಕೆಡಬಹುದು.

ಲೆಕ್ಕ ಮುಗಿಯುವ ಮೊದಲೇ ಚೆಂಡು ಮೇಲೆ ಮೇಲೆ ಹೋಗತೊಡಗಿದರೆ, ಮೊಣಕೈ ಹೆಗಲಿಗಿಂತ ಕೆಳಗಿಳಿದರೆ, ಎಸೆತಗಳ ನಡುವೆ ತಡ ಮಾಡತೊಡಗಿದರೆ ಕೈ ದಣಿದಿದೆ ಎಂದೇ ತಿಳಿದು ಕೋಚ್‌ಗೆ ಹೇಳಿ. ನಿಮಗೆ ಬರುವ, ಬಾಗಿ ಹೋಗುವ ಕರ್ವ್ ಬಾಲ್ ಕಲಿಸುವ ಆಸೆ ಸಹಜ, ಆದರೆ ಈಗ ಬೇಡ. 13 ದಾಟುವವರೆಗೆ ನೇರ ಚೆಂಡು, ನಿಧಾನವಾಗಿ ಬರುವ ಚೇಂಜ್‌ಅಪ್ ಎರಡೇ ಸಾಕು.

ಪ್ರಶ್ನೆ: ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದಾಗಿನ ನನ್ನ ಗ್ಲೌಸ್ ಅಟ್ಟದ ಮೇಲಿದೆ. 10 ವರ್ಷದ ಮಗಳು ಬೇಸ್‌ಬಾಲ್‌ಗೆ ಅದನ್ನೇ ಕೇಳುತ್ತಿದ್ದಾಳೆ. ಕೊಡಲೇ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಅವಳ ಕೈಗೆ ಹಾಕಿ, ಒಂದೇ ಕೈಯಿಂದ ಮುಚ್ಚಲು ಹೇಳಿ. ಮುಚ್ಚಲಾಗದಿದ್ದರೆ ಚೆಂಡು ಒಳಗೆ ಬಿದ್ದು ಆಚೆ ಚಿಮ್ಮಿ ಮುಖಕ್ಕೆ ಬಡಿಯಬಹುದು. ಈ ವಯಸ್ಸಿಗೆ ಸುಮಾರು 11 ಇಂಚಿನದು ಸರಿ. ಸಾಫ್ಟ್‌ಬಾಲ್ ಗ್ಲೌಸ್ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು, ಬೇಸ್‌ಬಾಲ್ ಚೆಂಡು ಅದರಲ್ಲಿ ಕಳೆದುಹೋಗುತ್ತದೆ. ಬಲಗೈಯಿಂದ ಎಸೆಯುವವಳಾದರೆ ಎಡಗೈ ಗ್ಲೌಸೇ ಬೇಕು. ಒಣಗಿದ ಚರ್ಮಕ್ಕೆ ಚರ್ಮದ ಕಂಡೀಷನರನ್ನು ಬಟ್ಟೆಯಿಂದ ತೆಳ್ಳಗೆ ಸವರಿ, ನೆರಳಲ್ಲಿ ಒಂದು ರಾತ್ರಿ ಬಿಡಿ. ಕೊಬ್ಬರಿ ಎಣ್ಣೆ ಸುರಿದರೆ ಚರ್ಮ ಎಣ್ಣೆ ಹೀರಿ ಭಾರವಾಗುತ್ತದೆ, ಬಿಸಿಲಿಗಿಟ್ಟರೆ ಬಿರಿಯುತ್ತದೆ. ದಾರ ಹರಿದಿದ್ದರೆ ಚರ್ಮದ ದಾರ ತರಿಸಿ ಹೊಸದಾಗಿ ಕಟ್ಟಿಸಿ. ಗ್ಲೌಸ್ ದೊಡ್ಡದೆನಿಸಿದರೆ ಎತ್ತಿಡಿ, ಮೂರ್ನಾಲ್ಕು ವರ್ಷದಲ್ಲಿ ಅವಳಿಗೆ ಸರಿಹೋಗುತ್ತದೆ.

ಪ್ರಶ್ನೆ: ನಾನು ಕ್ರಿಕೆಟ್ ಆಡಿದವನು. ಮಗನ ಬೇಸ್‌ಬಾಲ್ ನೋಡುವಾಗ ‘ನಿಲ್ಲು, ಓಡಬೇಡ’ ಎಂದು ಕೂಗಿಬಿಡುತ್ತೇನೆ. ಅವನಿಗೆ ಸಿಟ್ಟು.
– ಗಂಗಾವತಿ

ಉತ್ತರ: ಸಿಟ್ಟು ಬರಲೇಬೇಕು. ಗೆರೆಗಳೊಳಗೆ ಚೆಂಡು ಹೊಡೆದ ಮೇಲೆ ಬ್ಯಾಟ್ ಕೆಳಗೆ ಬಿಟ್ಟು ಓಡಲೇಬೇಕು, ನಿಲ್ಲುವ ಆಯ್ಕೆ ಇಲ್ಲ. ಮೊದಲ ಬೇಸನ್ನು ಮುಟ್ಟಿ ದಾಟಿ ಓಡಬಹುದು. ಎರಡು, ಮೂರನೆಯದರಲ್ಲಿ ಕಾಲು ಆಚೆ ಹೋದರೆ ಚೆಂಡು ಮುಟ್ಟಿಸಿ ಔಟ್ ಮಾಡುತ್ತಾರೆ. ಎಲ್ಲಿ ನಿಲ್ಲಬೇಕೆಂದು ಹೇಳಲು ಬೇಸ್ ಪಕ್ಕದಲ್ಲಿ ಅವರ ಕೋಚ್ ಇರುತ್ತಾರೆ. ನೀವು ಹೋಮ್ ಪ್ಲೇಟಿನ ಹಿಂದೆ ಕೂರದೆ ಗೆರೆಯುದ್ದಕ್ಕೆ ದೂರ, ಬಲೆಯ ಆಚೆ ಕುಳಿತುಕೊಳ್ಳಿ. ನಮ್ಮ ಕಡೆಯ ಬಿಸಿಲಿಗೆ ನೀರಿನ ಕೆಲಸ ನಿಮ್ಮದಾಗಲಿ: 20 ನಿಮಿಷಕ್ಕೊಮ್ಮೆ ಒಂದು ಲೋಟ. ಏಪ್ರಿಲ್, ಮೇನಲ್ಲಿ ಬೆಳಗ್ಗೆ 9ರ ನಂತರ ಮಕ್ಕಳನ್ನು ಮೈದಾನದಲ್ಲಿ ಬಿಡಬೇಡಿ.