ನೀಲಗಿರಿ ತೋಪು ಇರಬೇಕಾ, ಹೋಗಬೇಕಾ? ಒಂಬತ್ತನೇ ಕ್ಲಾಸಿನ ಪ್ರಾಜೆಕ್ಟ್‌ಗೆ ಇಷ್ಟು ಸಾಕು

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಮ್ಮ ಸ್ಟಾಫ್ ರೂಮಿನಲ್ಲೂ ಪ್ರತಿ ವರ್ಷ ಇದೇ ಗೋಳು. ಮನುಷ್ಯರ ಚಟುವಟಿಕೆ ಮತ್ತು ಪರಿಸರ ರಕ್ಷಣೆ ಎರಡನ್ನೂ ಸರಿದೂಗಿಸುವ ಬಗ್ಗೆ ಒಂಬತ್ತನೇ ತರಗತಿಯಿಂದ ಪ್ರಾಜೆಕ್ಟ್ ಮಾಡಿಸಬೇಕು, ಆದರೆ ಎಲ್ಲರೂ ಒಂದೇ ಥರದ ಚಾರ್ಟ್ ಬರೆದು ತರುತ್ತಾರೆ, ಮಕ್ಕಳೇ ಹುಡುಕಿ ಕಲಿಯುವ ಹಾಗೆ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಚಾರ್ಟ್ ಆದರೂ ಪರವಾಗಿಲ್ಲ ಬಿಡಿ. ಥರ್ಮಾಕೋಲಿನಲ್ಲಿ ಕಾಡು ಕೊರೆದು, ಅದರ ಮೇಲೆ ಪ್ಲಾಸ್ಟಿಕ್ ಜಿಂಕೆ ಅಂಟಿಸಿ 'ಪರಿಸರ ಉಳಿಸಿ' ಅಂತ ಬರೆದು ತರುತ್ತಾರಲ್ಲ, ಅದಕ್ಕೇನು ಹೇಳೋಣ!

ನಾನು ಕೋಲಾರ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಪ್ರಕಾರ ತಪ್ಪು ಮಕ್ಕಳದ್ದಲ್ಲ, ನಾವು ಕೊಡುವ ವಿಷಯದ್ದು. 'ಪರಿಸರ ಸಂರಕ್ಷಣೆ' ಅಂತ ಕೊಟ್ಟರೆ ಮಗು ಚಾರ್ಟ್ ಬರೆಯದೆ ಇನ್ನೇನು ಮಾಡುತ್ತದೆ? ಉತ್ತರ ಕ್ಲಾಸ್ ರೂಮಿನಿಂದ ಹೊರಡುವ ಮೊದಲೇ ಗೊತ್ತಿದೆ. ಹುಡುಕುವುದಕ್ಕೆ ಏನೂ ಉಳಿದಿಲ್ಲ. ಅದರ ಬದಲು ಯಾವ ಕಡೆ ಉತ್ತರ ಕೊಟ್ಟರೂ ಊರಲ್ಲಿ ಯಾರಿಗೋ ಒಬ್ಬರಿಗೆ ನಷ್ಟ ಆಗಬೇಕು, ಆ ಒಬ್ಬರು ಮಕ್ಕಳಿಗೆ ಗೊತ್ತಿರುವವರೇ ಆಗಿರಬೇಕು, ಮತ್ತೆ ಅಳೆದು ನೋಡುವುದಕ್ಕೆ ಏನಾದರೂ ಇರಬೇಕು. ಅಂಥ ಪ್ರಶ್ನೆ ಸಿಕ್ಕಿತು ಅಂದರೆ ಅರ್ಧ ಕೆಲಸ ಆದ ಹಾಗೆ.

ನಮ್ಮ ಕಡೆ ಅಂಥ ಪ್ರಶ್ನೆ ಊರ ಬಾಗಿಲಲ್ಲೇ ನಿಂತಿದೆ. ನೀಲಗಿರಿ ತೋಪು. ಕೋಲಾರ, ಚಿಕ್ಕಬಳ್ಳಾಪುರ, ಹೊಸಕೋಟೆ ಕಡೆ ಬಂದವರಿಗೆ ಗೊತ್ತು, ಎಲ್ಲಿ ನೋಡಿದರೂ ಅದೇ. ಟಿಪ್ಪು ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದ ಮರ ಅನ್ನುತ್ತಾರೆ. ಆದರೆ ಹೊಲಗಳಿಗೆ ಇಳಿದದ್ದು ಮುಖ್ಯವಾಗಿ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ. ಆಗಲೇ ಜಗಳವೂ ಶುರುವಾಯಿತು. 1983ರಲ್ಲಿ ತುಮಕೂರು ಕಡೆ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದಿದ್ದರು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸಬಾರದು ಅಂತ ಆದೇಶ ಮಾಡಿತು. ಇದ್ದ ತೋಪುಗಳ ಗತಿ? ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಐದಾರು ವರ್ಷಕ್ಕೆ ಮತ್ತೊಂದು ಕಟಾವು. ಹಾಗಾಗಿ ಪ್ರಶ್ನೆ ಇನ್ನೂ ಜೀವಂತ ಇದೆ. ನಾನು ಮಕ್ಕಳಿಗೆ ಕೊಟ್ಟದ್ದು ಒಂದೇ ಸಾಲು: ನಮ್ಮೂರ ತೋಪು ಇರಬೇಕಾ, ತೆಗೆಯಬೇಕಾ?

ಕೈ ಎತ್ತಿ ಅಂದರೆ ಇಡೀ ಕ್ಲಾಸು 'ತೆಗೆಯಬೇಕು ಸಾರ್' ಅಂತು. ಯಾಕೆ? 'ಅದು ನೀರು ಕುಡಿಯುತ್ತೆ ಸಾರ್, ಬೋರ್‌ವೆಲ್ ಎಲ್ಲ ಬತ್ತಿಸುತ್ತೆ.' ಎಷ್ಟು ಕುಡಿಯುತ್ತೆ, ಯಾರು ಅಳೆದರು ಅಂದರೆ ಮೌನ. ಸರಿ, ನಾವೇ ಅಳೆಯೋಣ ಅಂದೆ.

ಮರ ಎಷ್ಟು ನೀರು ಕುಡಿಯುತ್ತದೆ ಅಂತ ಶಾಲೆಯಲ್ಲಿ ಅಳೆಯುವುದಕ್ಕೆ ಆಗಲ್ಲ. ಆದರೆ ಮಣ್ಣಿನಲ್ಲಿ ಎಷ್ಟು ತೇವ ಉಳಿದಿದೆ ಅಂತ ಅಳೆಯಬಹುದು, ಅದಕ್ಕೆ ಲ್ಯಾಬ್ ಬೇಡ. ತೋಪಿನ ನಡುವೆ ಒಂದು ಗುಂಡಿ, ಅಂಚಿನಿಂದ ಹೊಲದೊಳಗೆ ಹತ್ತು ಹೆಜ್ಜೆಗೆ ಒಂದು, ಮೂವತ್ತಕ್ಕೆ ಒಂದು, ಅರವತ್ತಕ್ಕೆ ಒಂದು. ಪ್ರತಿ ಗುಂಡಿಯಲ್ಲಿ ಒಂದು ಗೇಣು ಆಳದ ಮಣ್ಣು, ಒಂದು ಮೊಳ ಆಳದ ಮಣ್ಣು. ಎರಡನ್ನೂ ಬೇರೆ ಬೇರೆ ಕವರಿಗೆ ಹಾಕಿ ಗಾಳಿ ಆಡದ ಹಾಗೆ ಗಂಟು ಹಾಕಬೇಕು, ಕವರ್ ಮೇಲೆ ಜಾಗ ಬರೆಯಬೇಕು (ಬರೆಯದೆ ತಂದು ಆಮೇಲೆ ಜಗಳ ಆಡುತ್ತಾರೆ, ಮೊದಲೇ ಹೇಳಿಬಿಡಿ). ಶಾಲೆಗೆ ತಂದು 100 ಗ್ರಾಂ ತೂಗಿ, ಬಿಸಿಯೂಟದ ಅಡುಗೆಮನೆಯಲ್ಲಿ ಊಟ ಮುಗಿದ ಮೇಲೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯುವುದು. ತೂಕ ಇಳಿಯುವುದು ನಿಲ್ಲುವ ತನಕ ಹುರಿದು ಹುರಿದು ತೂಗುವುದು. ಇಳಿದಷ್ಟೂ ನೀರು. ಅಡುಗೆಯವರಿಗೆ ಮೊದಲು ಕೋಪ ಬಂತು, ಆಮೇಲೆ ಅವರೇ ಉರಿ ಸಣ್ಣ ಮಾಡಿ ಅಂತ ಸಲಹೆ ಕೊಡುವುದಕ್ಕೆ ನಿಂತರು. ದಿನಸಿ ಅಂಗಡಿಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಮಳೆ ಬಂದು ಒಂದು ವಾರವಾದರೂ ಕಳೆದಿರಬೇಕು, ಇಲ್ಲದಿದ್ದರೆ ಎಲ್ಲ ಕಡೆ ಒಂದೇ ತೇವ ಇರುತ್ತದೆ.

ಮೇಲಿನ ಮಣ್ಣಿನ ಲೆಕ್ಕ ನೋಡಿ ಮಕ್ಕಳು ತಬ್ಬಿಬ್ಬು. ತೋಪಿನೊಳಗಿನ ಮಣ್ಣಿನಲ್ಲಿ ತೇವ ಕಡಿಮೆ ಇರಲೇ ಇಲ್ಲ, ಉತ್ತು ಬಿಟ್ಟ ಹೊಲಕ್ಕಿಂತ ಸ್ವಲ್ಪ ಜಾಸ್ತಿಯೇ ಇತ್ತು. ಒಬ್ಬ ಹುಡುಗ ತಕ್ಕಡಿ ಸರಿ ಇಲ್ಲ ಅಂದ. ಇನ್ನೊಬ್ಬಳು ನೆರಳಿದೆ ಅಲ್ವಾ ಸಾರ್, ಮೇಲೆ ಎಲೆಯೂ ಬಿದ್ದಿದೆ, ಬಿಸಿಲಿಗೆ ಆರಲ್ಲ ಅಂದಳು. ಮೊಳ ಆಳದ ಮಣ್ಣಿನಲ್ಲಿ ಮಾತ್ರ ಲೆಕ್ಕ ತಿರುಗಿತ್ತು. ತೋಪಿನಲ್ಲಿ ಒಣಗಿತ್ತು, ದೂರ ಹೋದ ಹಾಗೆ ತೇವ ಏರಿತ್ತು. ಎಲ್ಲರೂ ಗೆದ್ದೆವು ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. ಹೊಲ ಇಳಿಜಾರಿನಲ್ಲಿದೆ, ನೀರು ಹೇಗಿದ್ದರೂ ಕೆಳಗೇ ಬಸಿಯುತ್ತೆ, ಅದು ತೋಪಿನ ಕಾರಣ ಅಂತ ಹೇಗೆ ಹೇಳೋದು? ಇದೇ ನೋಡಿ ನಮಗೆ ಬೇಕಾದದ್ದು. ನಾನು ಉತ್ತರ ಕೊಡಲಿಲ್ಲ. ಅವರೇ ಅದೇ ಥರ ಇಳಿಜಾರಿರುವ, ಹತ್ತಿರ ತೋಪಿಲ್ಲದ ಇನ್ನೊಂದು ಹೊಲ ಹುಡುಕಿ ಅಲ್ಲೂ ಗುಂಡಿ ತೆಗೆದರು. ಅಲ್ಲೂ ಕೆಳಗೆ ಹೋದ ಹಾಗೆ ತೇವ ಏರಿತ್ತು, ಆದರೆ ಇಷ್ಟೊಂದು ವ್ಯತ್ಯಾಸ ಇರಲಿಲ್ಲ. ಕಂಟ್ರೋಲ್ (ಹೋಲಿಸಿ ನೋಡುವುದಕ್ಕೆ ಇಟ್ಟುಕೊಳ್ಳುವ ಇನ್ನೊಂದು ಅಳತೆ) ಅಂದರೇನು ಅಂತ ನಾನು ಬೋರ್ಡ್ ಮೇಲೆ ಬರೆದು ಕಲಿಸಿದ್ದರೆ ಇಷ್ಟು ತಲೆಗೆ ಹೋಗುತ್ತಿತ್ತಾ?

ಆಮೇಲೆ, ಅಂದರೆ ಅವರ ಅಳತೆ ಮುಗಿದ ಮೇಲೆಯೇ, ದೊಡ್ಡವರ ಅಳತೆ ಹೇಳಿದೆ. 1990ರ ಆಸುಪಾಸಿನಲ್ಲಿ ಹೊಸಕೋಟೆಯೂ ಸೇರಿ ನಮ್ಮ ರಾಜ್ಯದ ಕೆಲವು ಕಡೆ ವಿಜ್ಞಾನಿಗಳು ಈ ಲೆಕ್ಕ ಹಾಕಿದ್ದರು. ಮಣ್ಣು ಸುಮಾರು 3 ಮೀಟರ್ ಆಳ ಇದ್ದ ಕಡೆ ನೀಲಗಿರಿ ಬಳಸಿದ ನೀರು ನಮ್ಮದೇ ಒಣ ಕಾಡಿನ ಮರಗಳಿಗಿಂತ ಜಾಸ್ತಿ ಇರಲಿಲ್ಲ, ಎರಡೂ ಹೆಚ್ಚುಕಡಿಮೆ ಬಿದ್ದ ಮಳೆಯಷ್ಟೇ ಬಳಸಿದ್ದವು. ರಾಗಿಗೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಆದರೆ ಮಣ್ಣು 8 ಮೀಟರಿಗಿಂತ ಆಳ ಇದ್ದ ಜಾಗದಲ್ಲಿ ಮೂರು ವರ್ಷಕ್ಕೆ 2100 ಮಿ.ಮೀ. ಮಳೆ ಬಿದ್ದರೆ ನೀಲಗಿರಿ 3400 ಮಿ.ಮೀ.ನಷ್ಟು ಬಳಸಿದ ಸೂಚನೆ ಸಿಕ್ಕಿತ್ತು. ಅಂದರೆ ಬೇರು ವರ್ಷ ವರ್ಷ ಕೆಳಗಿಳಿದು ಹಳೆಯ ತೇವವನ್ನೂ ಎಳೆದಿದೆ. ಇದರಲ್ಲಿ ನೀಲಗಿರಿ ಪೂರ್ತಿ ಕಳ್ಳನೂ ಅಲ್ಲ, ಪೂರ್ತಿ ಸಂಭಾವಿತನೂ ಅಲ್ಲ. ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಹೋಗುತ್ತದೆ. ಮಕ್ಕಳಿಗೆ ಈ ಅಂಕಿ ಮೊದಲೇ ಕೊಟ್ಟಿದ್ದರೆ ಕಾಪಿ ಮಾಡಿ ಇಡುತ್ತಿದ್ದರು. ಗುಂಡಿ ತೋಡಿದ ಮೇಲೆ ಕೊಟ್ಟದ್ದಕ್ಕೆ ವಾದ ಮಾಡಿದರು.

ಇನ್ನು ಜನರ ಹತ್ತಿರ ಮಾತಾಡಿಸುವುದು. ಪ್ರಶ್ನಾವಳಿ ಅಂತ ಹತ್ತಿಪ್ಪತ್ತು ಪ್ರಶ್ನೆ ಪ್ರಿಂಟ್ ಮಾಡಿಸಬೇಡಿ, 'ಪರಿಸರದ ಬಗ್ಗೆ ನಿಮ್ಮ ಅಭಿಪ್ರಾಯವೇನು' ಅಂತ ಕೇಳಿದರೆ ಊರವರು ಭಾಷಣ ಮಾಡುತ್ತಾರೆ. ಒಂದೇ ಪ್ರಶ್ನೆ ಸಾಕು: ಈ ತೋಪು ನಾಳೆ ಇಲ್ಲದಿದ್ದರೆ ನಿಮಗೆ ಏನು ಹೋಗುತ್ತೆ, ಏನು ಬರುತ್ತೆ?

ಬಂದ ಉತ್ತರಗಳು ಯಾವ ಪಾಠದಲ್ಲೂ ಇಲ್ಲ. ತೋಪಿನವರು ಬೆಂಗಳೂರಲ್ಲಿ ಕೆಲಸಕ್ಕಿದ್ದಾರೆ, ರಾಗಿ ಹಾಕಿದರೆ ಕಳೆ ತೆಗೆಯುವವರು ಯಾರು, ಕಡಲೆಕಾಯಿ ಹಾಕಿದರೆ ಕಾಡುಹಂದಿ ಬಿಡಲ್ಲ, ನೀಲಗಿರಿಯನ್ನು ಹಂದಿಯೂ ಮುಟ್ಟಲ್ಲ ನವಿಲೂ ಮುಟ್ಟಲ್ಲ ಅನ್ನುತ್ತಾರೆ. ಬುಡ ಕೀಳಿಸಬೇಕು ಅಂದರೆ ಜೆಸಿಬಿಗೆ ಗಂಟೆ ಲೆಕ್ಕದಲ್ಲಿ ದುಡ್ಡು, ಅದು ಯಾರು ಕೊಡುತ್ತಾರೆ? ಪಕ್ಕದ ಹೊಲದವರು ಅಂಚಿನ ಸಾಲುಗಳಲ್ಲಿ ರಾಗಿ ತೆನೆಯೇ ಕಟ್ಟಲ್ಲ ಅಂದರು. ಮಕ್ಕಳು ಸ್ಕೇಲ್ ಹಿಡಿದು ಪೈರಿನ ಎತ್ತರ ಅಳೆದರು, ಹೌದು, ಅಂಚಿನ ಸಾಲು ಮೊಣಕಾಲಿಗೂ ಬರುತ್ತಿರಲಿಲ್ಲ. ಒಬ್ಬ ಅಜ್ಜಿ ಮಾತ್ರ ತೋಪು ತೆಗೆದರೆ ನನ್ನ ನೀರೊಲೆಗೆ ಏನು ಹಾಕಲಿ ಅಂತ ಮಕ್ಕಳನ್ನೇ ತಿರುಗಿ ಕೇಳಿದರು. ಒಣ ಎಲೆ, ಪುರಲೆ ಎಲ್ಲ ಅಲ್ಲಿಂದಲೇ ಬರುವುದು. ಎಲ್ಲಕ್ಕಿಂತ ಮಜಾ ಟೊಮೆಟೊ ಬೆಳೆಯುವವರದ್ದು. ನೀಲಗಿರಿಯಿಂದ ಬೋರ್‌ವೆಲ್ ಹೋಯಿತು ಅಂತ ಬೈದವರೇ ಗಿಡಕ್ಕೆ ಆಸರೆ ಕೊಡುವ ಕೋಲು ತರುವುದು ನೀಲಗಿರಿ ತೋಪಿನಿಂದ. ಅವರು ಸುಳ್ಳು ಹೇಳುತ್ತಿಲ್ಲ, ಎರಡೂ ನಿಜ. ಈ ಒಂದು ವಿಷಯ ಮಕ್ಕಳಿಗೆ ಹೊಳೆದ ದಿನ ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ.

ಒಂದು ಎಚ್ಚರ. ತೋಪಿನ ಯಜಮಾನರು ಯಾವುದೋ ಮಗುವಿನ ದೊಡ್ಡಪ್ಪನೋ ಮಾವನೋ ಆಗಿರುತ್ತಾರೆ. ವರದಿಯಲ್ಲಿ ಹೆಸರು, ಸರ್ವೆ ನಂಬರ್ ಬರೆಸಬೇಡಿ. 'ಅ' ಹೊಲ, 'ಆ' ಹೊಲ ಅಂತ ಹಾಕಿಸಿ. ಹೊರಗೆ ಕರೆದುಕೊಂಡು ಹೋಗುವ ಮೊದಲು ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿಯವರಿಗೂ (ಶಾಲಾಭಿವೃದ್ಧಿ ಸಮಿತಿ) ಹೇಳಿ, ಹೊಲದವರನ್ನು ಕೇಳಿ. ಗುಂಡಿ ಮುಚ್ಚಿಸಿ ಬನ್ನಿ, ದನ ಕಾಲು ಮುರಿದುಕೊಂಡರೆ ಪ್ರಾಜೆಕ್ಟ್ ಅಲ್ಲಿಗೇ ಮುಗಿಯಿತು.

ಕೊನೆಗೆ ತೀರ್ಮಾನ ಬರೆಸುವಾಗ 'ಇರಬೇಕು' ಅಥವಾ 'ಹೋಗಬೇಕು' ಅಂತ ಒಂದು ಪದ ಒಪ್ಪಬೇಡಿ. ಎಲ್ಲಿಂದ ತೆಗೆಯಬೇಕು, ಎಷ್ಟು, ಖರ್ಚು ಯಾರದ್ದು, ಅಜ್ಜಿಯ ಸೌದೆಗೆ ಏನು ದಾರಿ, ಇಷ್ಟೂ ಬರಬೇಕು. ನಮ್ಮ ಒಂದು ಗುಂಪು ಕೆರೆಗೆ ನೀರು ತರುವ ರಾಜಕಾಲುವೆ ಪಕ್ಕದ್ದನ್ನು ಮೊದಲು ತೆಗೆಯಿರಿ, ದಿಣ್ಣೆ ಮೇಲಿನದ್ದು ಸದ್ಯಕ್ಕೆ ಇರಲಿ, ಹೊಲದ ಅಂಚಿಗೆ ಬೇರು ಕತ್ತರಿಸುವ ಹಾಗೆ ಟ್ರೆಂಚ್ ಹೊಡೆಯಿರಿ ಅಂತ ಬರೆಯಿತು. ಇನ್ನೊಂದು ಗುಂಪು ನೀಲಗಿರಿ ಬದಲು ಹೆಬ್ಬೇವು ಹಾಕಿ ಅಂತು. ತಕ್ಷಣ ಒಬ್ಬಳು, ಹೆಬ್ಬೇವು ನೀರು ಕುಡಿಯಲ್ಲ ಅಂತ ನಿಮಗೆ ಯಾರು ಹೇಳಿದ್ದು ಅಂದಳು. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನಲ್ಲಿ ಅದಕ್ಕಿಂತ ಒಳ್ಳೆ ಮಾತು ಬರಲಿಲ್ಲ. ಅವಳಿಗೆ ಪೂರ್ತಿ ಅಂಕ ಕೊಟ್ಟೆ, ಅವಳ ಅಕ್ಷರ ನೋಡಿದರೆ ಮಾಮೂಲಿಯಾಗಿ ಯಾರೂ ಕೊಡಲ್ಲ.

ಅಂಕದ ಬಗ್ಗೆ ಹೇಳುವುದಾದರೆ ನಾನು ಫೈಲ್‌ಗೆ ಕೊಡುವುದು ಕಡಿಮೆ. ಹೊಲದಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ, ಮಣ್ಣು ಮೆತ್ತಿದ ನೋಟ್‌ಬುಕ್ ತರಬೇಕು, ಅದಕ್ಕೇ ಜಾಸ್ತಿ. ಮನೆಯಲ್ಲಿ ಅಣ್ಣ ಅಕ್ಕ ಬರೆದುಕೊಡುವುದು ತಾನಾಗಿ ನಿಲ್ಲುತ್ತದೆ.

ಹೊರಗೆ ಹೋಗುವುದಕ್ಕೆ ಬಿಡಲ್ಲ, ಸಿಟಿ ಶಾಲೆ ಅನ್ನುವ ಹಾಗಿದ್ದರೆ ಮೈಸೂರು ಕಡೆಯಿಂದ ಕೇರಳದ ವಯನಾಡಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರ ಕಾಡಿನೊಳಗೆ ಇರುವ ರಾತ್ರಿ ವಾಹನ ಸಂಚಾರ ನಿಷೇಧ ತೆಗೆದುಕೊಳ್ಳಿ. ಕೂತಲ್ಲೇ ಮಾಡಬಹುದು. 2009ರಲ್ಲಿ ಬಂದದ್ದು, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ. 2010ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು, ಮುಂದೆ ಸುಪ್ರೀಂ ಕೋರ್ಟ್‌ಗೆ ಹೋಯಿತು. ಆಂಬುಲೆನ್ಸ್‌ಗೆ ತಡೆ ಇಲ್ಲ, ಎರಡೂ ರಾಜ್ಯದ ಕೆಲವೇ ಕೆಲವು ಬಸ್‌ಗೆ ಬಿಡುತ್ತಾರೆ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮೇಲೆ ಮಾನಂದವಾಡಿಗೆ ಸುತ್ತು ದಾರಿ ಇದೆ. 2019ರಲ್ಲಿ ಹಗಲೂ ಮುಚ್ಚುತ್ತಾರೆ ಅನ್ನುವ ಭಯಕ್ಕೆ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಜನ ಉಪವಾಸ ಕೂತಿದ್ದರು. ಕ್ಲಾಸನ್ನು ಗುಂಪು ಮಾಡಿ ಪಾತ್ರ ಹಂಚಿ: ಒಂದು ಗುಂಪು ಗುಂಡ್ಲುಪೇಟೆಯ ತರಕಾರಿ ಲಾರಿಯವರು, ಒಂದು ವಯನಾಡಿನ ಅಂಗಡಿಯವರು, ಒಂದು ಫಾರೆಸ್ಟ್ ಗಾರ್ಡ್‌ಗಳು. ಆನೆ ಪರವಾಗಿಯೂ ಒಂದು ಗುಂಪು ಕೂರಿಸಿ, ಆದರೆ ಅವರು ಬಾಯಿ ಬಿಡುವ ಹಾಗಿಲ್ಲ, ಅಂಕಿ ಅಂಶ ಮಾತ್ರ ತೋರಿಸಬಹುದು ಅಂತ ನಿಯಮ ಹಾಕಿ. ಉಳಿದವರು ಎಷ್ಟು ಬೇಗ ಅವರನ್ನು ಮರೆತುಬಿಡುತ್ತಾರೆ ನೋಡಿ. ಬರೀ ಡಿಬೇಟ್ ಆಗಿ ಮುಗಿಯಬಾರದು ಅಂದರೆ ಸುತ್ತು ದಾರಿಯ ಡೀಸೆಲ್, ಸಮಯ ಎರಡನ್ನೂ ಮ್ಯಾಪ್ ನೋಡಿ ಲೆಕ್ಕ ಹಾಕಿಸಿ.

ಸಮಯ ಎಷ್ಟು ಬೇಕು ಅಂತಲೂ ಕೇಳಿದ್ದೀರಿ. ವಾರಕ್ಕೆ ಒಂದು ಪೀರಿಯಡ್ ಇಟ್ಟುಕೊಂಡರೆ ಒಂದು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅವಧಿಯಲ್ಲಿ ಆರಾಮಾಗಿ ಮುಗಿಯುತ್ತದೆ, ಹೊಲದ ಕೆಲಸ ಮಾತ್ರ ಶನಿವಾರ ಇಟ್ಟುಕೊಳ್ಳಿ. ರಾಗಿ ಪೈರು ನಿಂತಿರುವಾಗ, ಅಂದರೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಾಡಿದರೆ ಅಂಚಿನ ಸಾಲೂ ಅಳೆಯಬಹುದು. ನಿಮ್ಮದು ಯಾವ ಊರು ಅಂತ ಬರೆದಿಲ್ಲ. ಮಲೆನಾಡಾ, ಕರಾವಳಿಯಾ, ಊರ ಪಕ್ಕ ಮರಳು ತೆಗೆಯುತ್ತಾರಾ, ಕ್ವಾರಿ ಇದೆಯಾ, ಅಡಿಕೆ ಗದ್ದೆಗೆ ಇಳಿದಿದೆಯಾ ಹೇಳಿ, ಅದಕ್ಕೆ ತಕ್ಕ ಹಾಗೆ ಏನು ಅಳೆಸಬಹುದು ಅಂತ ಕೆಳಗೆ ಬರೆಯುತ್ತೇನೆ.