ಹಳೆಯ 5 ಸೀರೀಸ್ ತಗೊಳ್ಳಿ, ಆದರೆ ಮಧ್ಯದ್ದು ಬೇಡ

ಅಣ್ಣ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ನೀವು ಬರೆದಿದ್ದು ಇಷ್ಟು: ಜರ್ಮನಿಯ ಮ್ಯೂನಿಕ್‌ಗೆ ಬಂದು ನಾಲ್ಕು ತಿಂಗಳಾಗಿದೆ, ಬ್ಲೂ ಕಾರ್ಡ್ (ಕೆಲಸಕ್ಕೆ ಬಂದ ವಿದೇಶಿಯರಿಗೆ ಕೊಡುವ ವಾಸದ ಪರವಾನಗಿ) ಇದೆ, ಕೆಲಸ ಇನ್ನೂ ಪ್ರೊಬೇಷನ್‌ನಲ್ಲಿದೆ. ಊರಲ್ಲಿ ದೂರದಿಂದ ನೋಡಿ ಸುಮ್ಮನಾಗುತ್ತಿದ್ದ ಬಿಎಂಡಬ್ಲ್ಯು 5 ಸೀರೀಸ್ ಇಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟುಕುವ ಬೆಲೆಗೆ ಕಾಣುತ್ತಿದೆ. ಕಂಪನಿಯ ಲೆಕ್ಕದಲ್ಲಿ ಎಫ್10 ಅನ್ನುವ ಹಳೆಯ ತಲೆಮಾರಿನ 535ಐ, 550ಐ, ಎಂ5, ಈ ಮೂರರಲ್ಲಿ ಯಾವುದು? ಕೊನೆಯಲ್ಲಿ ಸಣ್ಣದಾಗಿ, 'ಇಲ್ಲಿ ಇಂಥ ಗಾಡಿ ಸಾಕೋದು ಕಷ್ಟನಾ?' ಅಂತಲೂ ಕೇಳಿದ್ದೀರಿ. ನನ್ನ ಪ್ರಕಾರ ಅದೇ ಮೊದಲು ಕೇಳಬೇಕಾದ ಪ್ರಶ್ನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈಗ 535ಐ. ಎಂ5 ಬೇಕೇ ಬೇಕು ಅಂತಿದ್ದರೆ ಎರಡು ಮೂರು ವರ್ಷ ಬಿಟ್ಟು. 550ಐ ಮಾತ್ರ ಬೇಡ. ನಿಮಗೆ ಅದೇ ಜಾಸ್ತಿ ಇಷ್ಟ ಅಂತ ನೀವು ಬರೆದ ರೀತಿಯಲ್ಲೇ ಗೊತ್ತಾಗುತ್ತದೆ. 'ಎಂ5 ಅಷ್ಟು ದುಬಾರಿಯೂ ಅಲ್ಲ, 535ಐ ಅಷ್ಟು ಸಪ್ಪೆಯೂ ಅಲ್ಲ' ಅಂದಿದ್ದೀರಿ. ಹಾಗೆ ಯೋಚಿಸಿ ಕೊಂಡವರು ಇಲ್ಲಿ ಬಹಳ ಜನ ಇದ್ದಾರೆ. ಅವರ ಗಾಡಿಗಳೇ ಈಗ ಜಾಹೀರಾತಿನಲ್ಲಿ ನಿಮಗೆ ಅಗ್ಗಕ್ಕೆ ಕಾಣುತ್ತಿರುವುದು.

ಕಾರಿನ ಮಾತಿಗೆ ಮುಂಚೆ ಲೈಸೆನ್ಸ್. ನಮ್ಮ ಭಾರತದ ಲೈಸೆನ್ಸ್ ಇಲ್ಲಿ ವಾಸ ಶುರುವಾದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ನಿಮಗೆ ಉಳಿದಿರುವುದು ಎರಡು ತಿಂಗಳು. ಆಮೇಲೆ ಅದನ್ನಿಟ್ಟುಕೊಂಡು ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ, ಅದು ಇಲ್ಲಿ ಕ್ರಿಮಿನಲ್ ಕೇಸು. ಕೆಲವು ದೇಶದವರಿಗೆ ಬರೀ ಬದಲಾಯಿಸಿ ಕೊಡುತ್ತಾರೆ, ನಮಗೆ ಆ ಭಾಗ್ಯವಿಲ್ಲ. ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಥಿಯರಿಯನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು. ಆಟೊಮ್ಯಾಟಿಕ್ ಗಾಡಿಯಲ್ಲೇ ಕಲಿತು ಅದರಲ್ಲೇ ಪರೀಕ್ಷೆ ಕೊಟ್ಟರೆ, ಲೈಸೆನ್ಸ್ ಮೇಲೆ 78 ಅಂತ ಕೋಡ್ ಬೀಳುತ್ತದೆ, ಮ್ಯಾನ್ಯುಯಲ್ ಓಡಿಸುವ ಹಾಗಿಲ್ಲ. ನೀವು ಹೇಳುವ ಗಾಡಿಗೆ ಅದರಿಂದ ತೊಂದರೆಯಿಲ್ಲ ಬಿಡಿ. ಮ್ಯಾನ್ಯುಯಲ್ ಗೇರಿನ ಎಫ್10 ಎಂ5 ಬಂದಿದ್ದೇ ಉತ್ತರ ಅಮೆರಿಕಕ್ಕೆ, ಇಲ್ಲಿಗಲ್ಲ.

ಇನ್ನು ಖರ್ಚು. ಹೊಸದಾಗಿ ಬಂದವರೆಲ್ಲ ಮೊದಲು ಹೆದರುವುದು ರಸ್ತೆ ತೆರಿಗೆಗೆ. ಅದು ಸುಮ್ನೆ ಹೆದರಿಕೆ. ಪೆಟ್ರೋಲ್ ಗಾಡಿಗೆ ಪ್ರತಿ 100 ಸಿಸಿಗೆ 2 ಯೂರೊ, ಅದರ ಮೇಲೆ ಹೊಗೆಯಲ್ಲಿ ಬರುವ ಇಂಗಾಲದ ಡೈಆಕ್ಸೈಡಿನ ಲೆಕ್ಕ. 2012 ಅಥವಾ 2013ರಲ್ಲಿ ನೋಂದಣಿಯಾದ ಎಂ5 ತಗೊಳ್ಳಿ. ಎಂಜಿನ್ 4395 ಸಿಸಿ, ಅಂದರೆ 44 ಪಾಲು, 88 ಯೂರೊ. ಕಾಗದದ ಪ್ರಕಾರ ಕಿಲೋಮೀಟರಿಗೆ 232 ಗ್ರಾಂ ಇಂಗಾಲದ ಡೈಆಕ್ಸೈಡ್. ಆ ವರ್ಷಗಳಿಗೆ 110 ಗ್ರಾಂ ವಿನಾಯಿತಿ, ಉಳಿದ 122ಕ್ಕೆ ಗ್ರಾಂಗೆ 2 ಯೂರೊ. ಒಟ್ಟು ವರ್ಷಕ್ಕೆ 332 ಯೂರೊ. ನಂಬುವುದಕ್ಕೆ ಆಗುವುದಿಲ್ಲ ಅಲ್ವಾ? 2014ರಿಂದ ನೋಂದಣಿಯಾದದ್ದಕ್ಕೆ ವಿನಾಯಿತಿ 95 ಗ್ರಾಂಗೆ ಇಳಿದಿದೆ, ಸ್ವಲ್ಪ ಜಾಸ್ತಿ ಆಗುತ್ತದೆ, ಅಷ್ಟೆ.

ಕತ್ತು ಹಿಸುಕುವುದು ಇನ್ಶೂರೆನ್ಸ್. ಇಲ್ಲಿ ಅಪಘಾತದ ಕ್ಲೇಮ್ ಇಲ್ಲದೆ ಓಡಿಸಿದ ವರ್ಷಗಳನ್ನು ಎಸ್‌ಎಫ್ ಕ್ಲಾಸ್ ಅಂತ ಲೆಕ್ಕ ಇಡುತ್ತಾರೆ. ವರ್ಷ ಕಳೆದ ಹಾಗೆ ಪ್ರೀಮಿಯಂ ಇಳಿಯುತ್ತದೆ. ಬೆಂಗಳೂರಿನಲ್ಲಿ ಹತ್ತು ವರ್ಷ ಒಂದೂ ಕ್ಲೇಮ್ ಮಾಡದೆ ಓಡಿಸಿದ್ದೀರಿ ಅಂದರೂ ಆ ನೋ ಕ್ಲೇಮ್ ಬೋನಸ್ಸನ್ನು ಇಲ್ಲಿಯ ಕಂಪನಿಗಳು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀವು ಶುರು ಮಾಡುವುದು 0 ಅಥವಾ ½ ಕ್ಲಾಸಿನಿಂದ, ಅಂದರೆ ಹದಿನೆಂಟರ ಹುಡುಗನ ಪಕ್ಕದ ಬೆಂಚು. ಇದರ ಜೊತೆಗೆ ಪ್ರತಿ ಮಾಡೆಲ್‌ಗೂ ಟ್ಯೂಪ್‌ಕ್ಲಾಸೆ ಅಂತ ಒಂದು ದರ್ಜೆ ಇದೆ. ಥರ್ಡ್ ಪಾರ್ಟಿಗೆ 10ರಿಂದ 25, ಪೂರ್ತಿ ವಿಮೆಗೆ 10ರಿಂದ 34. ಜೋರಾಗಿ ಓಡುವ, ರಿಪೇರಿ ದುಬಾರಿಯಾದ ಗಾಡಿಗಳು ಮೇಲಿನ ತುದಿಯಲ್ಲಿರುತ್ತವೆ. ಕೆಳಗಿನ ಎಸ್‌ಎಫ್, ಮೇಲಿನ ದರ್ಜೆ, ಎರಡೂ ಸೇರಿದಾಗ ಬರುವ ಮೊತ್ತ ನೋಡಿದರೆ ಬಾಡಿಗೆಯ ಪತ್ರ ಬಂತಾ ಅನಿಸುತ್ತದೆ.

ಇದಕ್ಕೆ ಊಹೆ ಬೇಕಾಗಿಲ್ಲ. ಮಾರುವವರ ಹತ್ತಿರ ಆರ್‌ಸಿ ಥರದ ಕಾಗದ ಇರುತ್ತದೆ, ಇಲ್ಲಿ ಫಾರ್‌ತ್ಸೊಯ್ಗ್‌ಶೈನ್ ಅನ್ನುತ್ತಾರೆ. ಅದರ 2.1 ಮತ್ತು 2.2ನೇ ಖಾನೆಗಳಲ್ಲಿರುವ ನಂಬರ್ ಕೇಳಿ. ಅದನ್ನು ಯಾವುದೇ ಹೋಲಿಕೆ ವೆಬ್‌ಸೈಟಿನಲ್ಲಿ ಹಾಕಿದರೆ ಅದೇ ಗಾಡಿಗೆ ನಿಮ್ಮ ಪ್ರೀಮಿಯಂ ಎಷ್ಟು ಅಂತ ಐದು ನಿಮಿಷದಲ್ಲಿ ಬರುತ್ತದೆ. ಮೂರೂ ಗಾಡಿಗೆ ಹಾಕಿ ನೋಡಿ. ಎಂ5 ಯಾಕೆ ಎರಡು ಮೂರು ವರ್ಷ ಬಿಟ್ಟು ಅಂದೆ ಅಂತ ಆಗ ಅರ್ಥವಾಗುತ್ತದೆ. 535ಐ ಓಡಿಸುತ್ತಲೇ ಆ ವರ್ಷಗಳನ್ನು ಸಂಪಾದಿಸಬಹುದು.

ಈಗ ಎಂಜಿನ್‌ಗಳು. 535ಐ ಒಳಗಿರುವುದು ಎನ್55, ಆರು ಸಿಲಿಂಡರ್ ಸಾಲಾಗಿ, ಮೂರು ಲೀಟರ್, ಒಂದೇ ಟರ್ಬೊ, 306 ಪಿಎಸ್ (ಹಾರ್ಸ್ ಪವರ್) ಶಕ್ತಿ, 400 ಎನ್‌ಎಂ ಟಾರ್ಕ್. ಇದಕ್ಕೂ ಕಾಯಿಲೆ ಇಲ್ಲ ಅಂತಲ್ಲ. ವಯಸ್ಸಾದ ಮೇಲೆ ಕರೆಂಟ್‌ನಲ್ಲಿ ನಡೆಯುವ ವಾಟರ್ ಪಂಪ್ ಕೈ ಕೊಡುತ್ತದೆ, ವಾಲ್ವ್ ಕವರ್ ಮತ್ತು ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್‌ನಲ್ಲಿ ಆಯಿಲ್ ಒಸರುತ್ತದೆ. ಇವೆಲ್ಲ ಯಾವುದೇ ಒಳ್ಳೆಯ ಸ್ವತಂತ್ರ ಗ್ಯಾರೇಜ್ ಮಾಡಿಕೊಡುವ ಕೆಲಸ. ಗೇರ್‌ಬಾಕ್ಸ್ ಝಡ್‌ಎಫ್ ಕಂಪನಿಯ ಎಂಟು ಗೇರಿನ ಆಟೊಮ್ಯಾಟಿಕ್, ಅದರ ಬಗ್ಗೆ ದೂರು ಹೇಳುವವರು ಕಡಿಮೆ. ನೀವು ಇದನ್ನು ಸಪ್ಪೆ ಅಂದಿರಿ. ನೂರು ಮುಟ್ಟಲು ಹೆಚ್ಚು ಕಡಿಮೆ ಆರು ಸೆಕೆಂಡು ತೆಗೆದುಕೊಳ್ಳುವ ಗಾಡಿ ಸಪ್ಪೆ ಆಗಿದ್ದು ಯಾವಾಗಿನಿಂದ?

550ಐಯಲ್ಲಿ ಎನ್63. 4.4 ಲೀಟರ್, ವಿ8, ಎರಡು ಟರ್ಬೊ. ಮೊದಲ ಗಾಡಿಗಳು 407 ಪಿಎಸ್, 2013ರ ಫೇಸ್‌ಲಿಫ್ಟ್ ಆದವು ಸುಮಾರು 450. ಈ ಎಂಜಿನ್‌ನಲ್ಲಿ ಬಿಎಂಡಬ್ಲ್ಯು ಒಂದು ಹೊಸ ದಾರಿ ಹಿಡಿಯಿತು. ವಿ ಆಕಾರದ ಎರಡು ಸಾಲುಗಳ ಹೊರಗೆ ಇರುತ್ತಿದ್ದ ಎಕ್ಸಾಸ್ಟನ್ನು ಒಳಗೆ ತಂದು, ಟರ್ಬೊಗಳನ್ನೂ ಆ ಕಣಿವೆಯಲ್ಲೇ ಕೂರಿಸಿದರು. ಜಾಗ ಉಳಿಯಿತು, ಟರ್ಬೊಗೆ ಹೊಗೆ ಹೋಗುವ ದಾರಿ ಚಿಕ್ಕದಾಯಿತು, ಪ್ರತಿಕ್ರಿಯೆ ಚುರುಕಾಯಿತು. ಆದರೆ ಅಷ್ಟೂ ಬಿಸಿ ಎಂಜಿನ್ನಿನ ನಡು ನೆತ್ತಿಯಲ್ಲಿ ಸಿಕ್ಕಿಹಾಕಿಕೊಂಡಿತು. ಸುತ್ತಲಿನ ರಬ್ಬರ್, ಪ್ಲಾಸ್ಟಿಕ್, ಸೀಲುಗಳು ಬೇಯುತ್ತವೆ. ವಾಲ್ವ್ ಸ್ಟೆಮ್ ಸೀಲ್ ಗಟ್ಟಿಯಾಗಿ ಆಯಿಲ್ ಒಳಗೆ ಇಳಿದು ಸುಡುತ್ತದೆ. ಇಂಜೆಕ್ಟರ್, ಟೈಮಿಂಗ್ ಚೈನ್, ಬ್ಯಾಟರಿ, ಎಲ್ಲದರ ಮೇಲೂ ಮೊದಲ ಎನ್63ಗಳಲ್ಲಿ ದೂರು ಬಂದಿತ್ತು. ಕೊನೆಗೆ 2014ರ ಕೊನೆಯಲ್ಲಿ ಅಮೆರಿಕದಲ್ಲಿ ಈ ಎಂಜಿನ್‌ಗೆಂದೇ ಒಂದು ವಿಶೇಷ ಪ್ಯಾಕೇಜ್ ತಂದು ಈ ಭಾಗಗಳನ್ನು ಪರೀಕ್ಷಿಸಿ ಬದಲಾಯಿಸಿಕೊಟ್ಟರು. ಫೇಸ್‌ಲಿಫ್ಟ್ ಆದದ್ದು ಮೊದಲಿಗಿಂತ ವಾಸಿ, ಒಪ್ಪುತ್ತೇನೆ. ಆದರೂ ಬಿಸಿ ಇರುವ ಜಾಗ ಅದೇ.

ವಾಲ್ವ್ ಸೀಲ್ ಅಂದರೆ ಕೆಲವೇ ಯೂರೊ ಬೆಲೆಯ ರಬ್ಬರ್ ತುಂಡು. ಅದನ್ನು ತಲುಪುವುದಕ್ಕೆ ಹಿಡಿಯುವ ಕೂಲಿ ಗಂಟೆಗಳಲ್ಲಿ ನಿಮ್ಮ ಉಳಿತಾಯ ಹೋಗುತ್ತದೆ. ಈ ದೇಶದಲ್ಲಿ ಬಿಡಿಭಾಗಕ್ಕಿಂತ ಕೈಕೆಲಸಕ್ಕೆ ಬೆಲೆ ಜಾಸ್ತಿ ಅನ್ನುವುದನ್ನು ಬಂದ ಹೊಸದರಲ್ಲಿ ಯಾರೂ ನಂಬುವುದಿಲ್ಲ.

ಹಾಗಾದರೆ ಎಂ5 ಇನ್ನೂ ಕೆಟ್ಟದ್ದಲ್ಲವಾ ಅಂತ ಕೇಳುತ್ತೀರಿ. ಅದರ ಎಸ್63 ಇದೇ ಎಂಜಿನ್ನಿನ ಅಣ್ಣ, ಟರ್ಬೊ ಅದೇ ಕಣಿವೆಯಲ್ಲಿ. 560 ಪಿಎಸ್, 680 ಎನ್‌ಎಂ, ಏಳು ಗೇರಿನ ಡ್ಯುಯಲ್ ಕ್ಲಚ್, ಕಾಂಪಿಟಿಷನ್ ಪ್ಯಾಕೇಜ್ ಇದ್ದರೆ 575 ಪಿಎಸ್. ಎಂಜಿನ್ನಿನೊಳಗಿನ ರಾಡ್ ಬೇರಿಂಗ್ ಸವೆಯುವ ಬಗ್ಗೆ ಮಾಲೀಕರಿಗೆ ಭಯವೂ ಇದೆ. ಮುಂದಿನ ಬ್ರೇಕ್ ಡಿಸ್ಕ್‌ಗಳೇ 400 ಮಿಲಿಮೀಟರ್, ಅವುಗಳ ಬಿಲ್ಲೂ ಅದಕ್ಕೆ ತಕ್ಕ ಹಾಗೆ. ಖರ್ಚಿನಲ್ಲಿ ಇದು 550ಐಗಿಂತ ಒಂದು ಮೆಟ್ಟಿಲು ಮೇಲೆ, ಸಂಶಯವಿಲ್ಲ. ವ್ಯತ್ಯಾಸ ಇರುವುದು ಕೊಳ್ಳುವವರಲ್ಲಿ. ಎಂ5 ಕೊಂಡವರಲ್ಲಿ ಬಹಳ ಜನಕ್ಕೆ ಅದರ ಹುಚ್ಚು ಇರುತ್ತದೆ. ಆಯಿಲ್ ಬೇಗ ಬದಲಾಯಿಸುತ್ತಾರೆ, ಬಿಲ್ಲುಗಳನ್ನು ಫೈಲ್ ಮಾಡಿ ಇಟ್ಟಿರುತ್ತಾರೆ. ಮಾರುವಾಗ ಅಂಥದ್ದೇ ಹುಚ್ಚಿನ ಇನ್ನೊಬ್ಬರು ಸಿಗುತ್ತಾರೆ, ಹಾಗಾಗಿ ಬೆಲೆ ನಿಲ್ಲುತ್ತದೆ. 550ಐಗೆ ಆ ಬಳಗ ಇಲ್ಲ. ಕಂಪನಿಯ ಗಾಡಿಯಾಗಿ ಶುರುವಾಗಿ, ನಾಲ್ಕೈದು ಕೈ ಬದಲಾಗಿ, ಕೊನೆಯ ಇಬ್ಬರು ಸರ್ವೀಸ್‌ಗೆ ದುಡ್ಡಿಲ್ಲದೆ ಓಡಿಸಿರುತ್ತಾರೆ. ರಿಸ್ಕು ಹೆಚ್ಚು ಕಡಿಮೆ ಎಂ5ನದ್ದೇ, ಮಾರುವಾಗ ಬರುವ ಬೆಲೆ ಮಾತ್ರ ಸಾಮಾನ್ಯ ಸೆಡಾನಿನದ್ದು.

(ಎಂ5ನ ಒಳಗೆ ಕೇಳುವ ಎಂಜಿನ್ ಸದ್ದಿನಲ್ಲಿ ಒಂದು ಭಾಗ ಸ್ಪೀಕರಿನಿಂದ ಬರುವುದು. ಅಷ್ಟು ದುಡ್ಡು ಕೊಟ್ಟು ಇದಾ ಅಂತ ನನಗೆ ಇವತ್ತಿಗೂ ಸಿಟ್ಟು.)

ಎಂ5 ನೋಡಲು ಹೋಗುವ ಕಾಲ ಬಂದಾಗ ಮೊದಲು ಕೇಳಬೇಕಾದದ್ದು 2000 ಕಿಲೋಮೀಟರಿನ ಬಿಲ್ಲು. ಎಂ ಗಾಡಿಗಳಿಗೆ ಆ ಹೊತ್ತಿಗೆ ಒಂದು ರನ್ನಿಂಗ್ ಇನ್ ಸರ್ವೀಸ್ ಕಡ್ಡಾಯ, ಎಂಜಿನ್ ಮತ್ತು ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಬೇಕು. ಅದು ಮಾಡಿಲ್ಲವೆಂದರೆ ಮೊದಲ ಮಾಲೀಕನೇ ಅಸಡ್ಡೆಯವನು. ಎಕ್ಸಾಸ್ಟ್, ಸಾಫ್ಟ್‌ವೇರ್ ಏನಾದರೂ ಬದಲಾಯಿಸಿದ್ದರೆ ಕಾಗದದಲ್ಲಿ ನಮೂದಾಗಿದೆಯಾ ನೋಡಿ. ಇಲ್ಲದಿದ್ದರೆ ಟಿಯುವಿ, ಅಂದರೆ ಗಾಡಿಗಳ ಕಡ್ಡಾಯ ತಪಾಸಣೆ, ಪಾಸಾಗುವುದಿಲ್ಲ, ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು.

ನೀವು ಕೇಳದ ನಾಲ್ಕನೆಯದ್ದೂ ಒಂದಿದೆ, ಎಂ550ಡಿ. ಮೂರು ಟರ್ಬೊದ ಡೀಸೆಲ್, 381 ಪಿಎಸ್, 740 ಎನ್‌ಎಂ, ನೂರಕ್ಕೆ 4.7 ಸೆಕೆಂಡು, ನಾಲ್ಕೂ ಚಕ್ರಕ್ಕೆ ಶಕ್ತಿ. ದಿನಾ ದೂರ ಓಡಿಸುವವರಿಗೆ ಅದ್ಭುತ. ಆದರೆ ಡೀಸೆಲ್‌ಗೆ 100 ಸಿಸಿಗೆ 9.50 ಯೂರೊ ತೆರಿಗೆ, ಎಂಜಿನ್ ಪಾಲೇ 285 ಯೂರೊ. ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆಗಿದೆ, ಮುಟ್ಟಬೇಕೆಂದರೆ ದೊಡ್ಡ ಕೆಲಸ. ಮೆಟ್ರೊದಲ್ಲಿ ಆಫೀಸಿಗೆ ಹೋಗುವ ನಿಮಗೆ ಅದು ಬೇಡ.

ಆಟೊಬಾನ್, ಅಂದರೆ ಇಲ್ಲಿಯ ಹೆದ್ದಾರಿಯ ಬಗ್ಗೆ ಎರಡು ಮಾತು, ಯಾಕೆಂದರೆ ಈ ಆಸೆಯೆಲ್ಲ ಅಲ್ಲಿಂದಲೇ ಹುಟ್ಟಿದ್ದು ಅಂತ ನನಗೆ ಗೊತ್ತು. ವೇಗದ ಮಿತಿ ಇಲ್ಲದ ರಸ್ತೆ ನಿಜವಾಗಿಯೂ ಇದೆ. ಆದರೆ 130 ಅನ್ನುವುದು ಸಲಹೆಯ ವೇಗ. ಅದನ್ನು ಮೀರಿ ಹೋಗುವಾಗ ಅಪಘಾತವಾದರೆ, ತಪ್ಪು ಇನ್ನೊಬ್ಬರದ್ದಾದರೂ ಒಂದು ಪಾಲು ನಷ್ಟ ನಿಮ್ಮ ತಲೆಗೆ ಬರಬಹುದು. 1992ರಲ್ಲೇ ಇಲ್ಲಿಯ ಉನ್ನತ ನ್ಯಾಯಾಲಯ ಹಾಗೆ ತೀರ್ಪು ಕೊಟ್ಟಿದೆ. 2017ರಿಂದ ರಸ್ತೆಯಲ್ಲಿ ರೇಸ್ ಮಾಡುವುದು ಕ್ರಿಮಿನಲ್ ಅಪರಾಧ. ಒಬ್ಬರೇ ಬೇಜವಾಬ್ದಾರಿಯಿಂದ ಆದಷ್ಟು ಜೋರಾಗಿ ಓಡಿಸಿದರೂ ಅದರಲ್ಲಿ ಸೇರುತ್ತದೆ, ಗಾಡಿಯನ್ನೇ ಮುಟ್ಟುಗೋಲು ಹಾಕಬಹುದು. ಬ್ಲೂ ಕಾರ್ಡ್‌ನಲ್ಲಿರುವ ನಮಗೆ ಕ್ರಿಮಿನಲ್ ದಾಖಲೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಚಳಿಗಾಲವನ್ನೂ ಲೆಕ್ಕಕ್ಕಿಡಿ. ಎಫ್10 ಎಂ5ನಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ. ಮುಂದೆ 265, ಹಿಂದೆ 295 ಅಗಲದ ಟೈರು, ಹಿಂದುಮುಂದು ಬದಲಾಯಿಸಿ ಸವೆತ ಹಂಚುವ ಹಾಗಿಲ್ಲ. ಚಳಿಗಾಲಕ್ಕೆ ಇನ್ನೊಂದು ಸೆಟ್. ಮ್ಯೂನಿಕ್‌ನಿಂದ ಬೆಟ್ಟದ ಕಡೆ ಹೋಗುವ ಯೋಚನೆ ಇದ್ದರೆ 535ಐಯಲ್ಲೇ ಎಕ್ಸ್‌ಡ್ರೈವ್ ಅನ್ನುವ, ನಾಲ್ಕೂ ಚಕ್ರಕ್ಕೆ ಶಕ್ತಿ ಇರುವುದನ್ನು ಹುಡುಕಿ.

ಕೊಳ್ಳುವಾಗ ಆದಷ್ಟು ಡೀಲರ್ ಹತ್ತಿರ ಕೊಳ್ಳಿ, ಬೆಲೆ ಸ್ವಲ್ಪ ಜಾಸ್ತಿ ಆದರೂ ಸರಿ. ಹಳೆಯ ಗಾಡಿಗೂ ಅವರು ಕನಿಷ್ಠ ಒಂದು ವರ್ಷ ದೋಷದ ಹೊಣೆ ಹೊರಬೇಕು. 2022ರಿಂದ ಆ ವರ್ಷದಲ್ಲಿ ಬಂದ ದೋಷ ಮಾರುವಾಗಲೇ ಇತ್ತು ಅಂತ ಕಾನೂನು ಎಣಿಸುತ್ತದೆ, ಇರಲಿಲ್ಲ ಅಂತ ಸಾಬೀತು ಮಾಡಬೇಕಾದವರು ಅವರು. ಸವೆಯುವ ಭಾಗಗಳು ಇದರಲ್ಲಿ ಬರುವುದಿಲ್ಲ. ಈ ಹೊಣೆ ತಪ್ಪಿಸಿಕೊಳ್ಳಲು ಕೆಲವರು 'ಇಮ್ ಕುಂಡನ್‌ಆಉಫ್‌ಟ್ರಾಗ್' ಅಂತ ಜಾಹೀರಾತಿನಲ್ಲಿ ಹಾಕುತ್ತಾರೆ, ಅಂದರೆ ಗಾಡಿ ನಮ್ಮದಲ್ಲ, ಗಿರಾಕಿಯ ಪರವಾಗಿ ಮಾರುತ್ತಿದ್ದೇವೆ ಅಂತ. ಅದನ್ನು ಕಂಡರೆ ಮುಂದಿನ ಜಾಹೀರಾತಿಗೆ ಹೋಗಿ. ಖಾಸಗಿಯವರು ಮಾರುವಾಗ ಹೊಣೆಯನ್ನೇ ಬರಹದಲ್ಲಿ ತೆಗೆದುಹಾಕುತ್ತಾರೆ, ಅದು ಕಾನೂನಿಗೆ ಒಪ್ಪಿಗೆ.

ಗಾಡಿ ನೋಡಲು ಹೋಗುವ ದಿನ ಎಂಜಿನ್ ಮುಟ್ಟಬೇಡಿ, ತಣ್ಣಗಿರಲಿ ಅಂತ ಮೊದಲೇ ಹೇಳಿ. ಹೋದಾಗ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಓಡಿಸಿದ ಮೇಲೆ ಕಾಲು ಗಂಟೆ ಹಾಗೇ ಐಡಲ್‌ನಲ್ಲಿ ಬಿಡಿ, ಆಮೇಲೆ ಒಮ್ಮೆ ಆಕ್ಸಿಲರೇಟರ್ ಒತ್ತಿ. ಹಿಂದೆ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಕಥೆ ಅದು. ಮೆಚ್ಚಿಗೆಯಾದರೆ ಎಡಿಎಸಿ ಅನ್ನುವ ವಾಹನ ಸಂಘದಲ್ಲಿ ಅಥವಾ ಟಿಯುವಿಯಲ್ಲಿ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಪ್ರೊಬೇಷನ್ ಮುಗಿಯುವ ತನಕ ಯಾವುದಕ್ಕೂ ಸಹಿ ಹಾಕಬೇಡಿ. ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ. ನಡುವೆ ಒಳ್ಳೆಯ 535ಐ ಕಣ್ಣಿಗೆ ಬಿದ್ದರೆ ಜಾಹೀರಾತು, ಆ ಎರಡು ಖಾನೆಯ ಫೋಟೊ, ಸರ್ವೀಸ್ ಬಿಲ್ಲು ಕಳಿಸಿ. ಕೂತು ನೋಡೋಣ.